ಬೆಳಗಿನ ಜಾವದ ಇನ್ನೊಂದು ಲೀಟರ್

ಅಪ್ಪನ ಮೊದಲ ಕೊಲೊನೋಸ್ಕೋಪಿ, ಅಂದರೆ ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆಯ ರಿಪೋರ್ಟು ಇನ್ನೂ ನನ್ನ ಹತ್ತಿರ ಇದೆ. ಅದರಲ್ಲಿರುವ ಮುಖ್ಯ ಸಂಗತಿ ಇಷ್ಟೇ. ಹೊಟ್ಟೆ ಸರಿಯಾಗಿ ಕ್ಲೀನ್ ಆಗಿರಲಿಲ್ಲ, ದೊಡ್ಡ ಕರುಳಿನ ಬಲಭಾಗ ಕಾಣಲಿಲ್ಲ, ಪರೀಕ್ಷೆ ಮತ್ತೆ ಮಾಡಿಸಬೇಕು.

ಆ ಕಾಗದ ಹಿಡಿದುಕೊಂಡು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತಿದ್ದಾಗ ಅಪ್ಪ ಕೇಳಿದರು, "ನಾನು ಪೂರ್ತಿ ಕುಡಿದಿದ್ನಲ್ಲೇ. ಒಂದು ಗುಟುಕೂ ಬಿಡಲಿಲ್ಲ. ಇನ್ನೇನು ಮಾಡಬೇಕಿತ್ತು?"

ಅವರು ಹೇಳಿದ್ದು ನಿಜ. ಎಪ್ಪತ್ತು ವರ್ಷದ ಮನುಷ್ಯ ಹಿಂದಿನ ಸಂಜೆ, ಕರುಳು ತೊಳೆಯಲೆಂದು ಕೊಟ್ಟ ಎರಡು ಲೀಟರ್ ಉಪ್ಪುನೀರಿನಂಥ ದ್ರಾವಣವನ್ನು ಒಂದೇ ಸಮನೆ ಕುಡಿದಿದ್ದರು. ನಮ್ಮದು ಸಾಗರದ ಕಡೆ ಹಳ್ಳಿ, ಹಳೇ ಮನೆ. ಪಾಯಿಖಾನೆ ಇರುವುದು ಹಿತ್ತಲಿನಲ್ಲಿ. ಜುಲೈ ತಿಂಗಳ ಮಳೆ. ಅಮ್ಮ ಟಾರ್ಚ್ ಹಿಡಿದು, ಅಪ್ಪ ಕೊಡೆ ಹಿಡಿದು, ರಾತ್ರಿಯಿಡೀ ಅಂಗಳ ದಾಟಿದ್ದಾರೆ. ಇಷ್ಟೆಲ್ಲ ಆದಮೇಲೆ "ಸರಿಯಾಗಿ ಕ್ಲೀನ್ ಆಗಿಲ್ಲ" ಎಂದರೆ ಯಾರಿಗೆ ತಾನೇ ನೋವಾಗುವುದಿಲ್ಲ?

ಅವತ್ತು ಅಪ್ಪನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲಿನ ಎರಡು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಇನ್ನೂ ಮೂರು ಕೊಲೊನೋಸ್ಕೋಪಿ ಆದವು. ಅಪ್ಪನದು ಎರಡನೇ ಸಲ, ಸೋದರತ್ತೆಯದು, ನನ್ನದು. ಮೂರು ಜನರ ಮುಂದೆ ಮೂರು ಬೇರೆ ಬೇರೆ ಔಷಧಿ ಬಂದವು. ಯಾವುದು ಒಳ್ಳೆಯದು ಎಂದು ಈಗ ತುಂಬಾ ಜನ ನನ್ನನ್ನು ಕೇಳುತ್ತಾರೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಯಾರಿಗೆ ಯಾವುದು ಎಂದು ಹೇಳಬೇಕಾದವರು ನಿಮ್ಮ ಡಾಕ್ಟರೇ. ಆದರೆ ಅವರಿಗೆ ಏನು ಕೇಳಬೇಕು ಎನ್ನುವುದು ನಮಗೆ ಗೊತ್ತಿರಬೇಕು, ಅಲ್ವಾ?

ಅಪ್ಪನಿಗೆ ಈ ಪರೀಕ್ಷೆ ಯಾಕೆ ಬೇಕಾಯಿತು ಅಂದರೆ, ರಕ್ತ ಕಡಿಮೆಯಾಗಿತ್ತು. ಹಿಮೋಗ್ಲೋಬಿನ್ ಒಂಬತ್ತಕ್ಕೆ ಇಳಿದಿತ್ತು. ತೋಟಕ್ಕೆ ಹೋಗಿ ಬಂದರೆ ಏದುಸಿರು. ವಯಸ್ಸಾದವರಲ್ಲಿ ಕಾರಣವಿಲ್ಲದೆ ರಕ್ತ ಕಡಿಮೆಯಾದರೆ ಕರುಳಿನಲ್ಲಿ ಎಲ್ಲಾದರೂ ಒಸರುತ್ತಿದೆಯಾ ಎಂದು ನೋಡಬೇಕಂತೆ. ಅದರಲ್ಲೂ ಬಲಭಾಗದಲ್ಲಿ. ಅಲ್ಲಿ ಒಸರಿದ ರಕ್ತ ಕಣ್ಣಿಗೆ ಕಾಣುವುದು ಕಮ್ಮಿ, ಮಲದೊಳಗೆ ಬೆರೆತು ಹೋಗುತ್ತದೆ. ಅಂದರೆ ಅಪ್ಪನ ವಿಷಯದಲ್ಲಿ ನೋಡಲೇಬೇಕಾಗಿದ್ದ ಜಾಗವೇ ಅವತ್ತು ಕಾಣದೆ ಹೋಯಿತು.

ಯಾಕೆ ಕಾಣಲಿಲ್ಲ?

ಕೊಟ್ಟ ಔಷಧಿಯಲ್ಲಿ ತಪ್ಪಿರಲಿಲ್ಲ. ತಪ್ಪಿದ್ದು ಅದನ್ನು ಹೇಳಿಕೊಟ್ಟ ರೀತಿಯಲ್ಲಿ. ಕೈಗೆ ಒಂದು ಇಂಗ್ಲಿಷ್ ಚೀಟಿ ಕೊಟ್ಟು ಕಳಿಸಿದ್ದರು. ಅದರಲ್ಲಿ ತಿಳಿಯಾದ ದ್ರವ ಮಾತ್ರ ಕುಡಿಯಬೇಕು ಎಂದಿತ್ತು. ಅಪ್ಪ ಮುರುಗಲ ಹಣ್ಣಿನ ಶರಬತ್ತು ಕುಡಿದರು. ಅದು ತಿಳಿಯೇ, ಆದರೆ ಕೆಂಪು. ಒಳಗೆ ಕ್ಯಾಮೆರಾ ಹೋದಾಗ ಕೆಂಪು ಬಣ್ಣ ರಕ್ತದ ಹಾಗೆ ಕಾಣಬಹುದು. ರಕ್ತ ಕಡಿಮೆ ಇದೆಯೆಂದು ಕಬ್ಬಿಣದ ಮಾತ್ರೆ ನುಂಗುತ್ತಿದ್ದರು, ಅದನ್ನು ಹಿಂದಿನ ದಿನದವರೆಗೂ ನಿಲ್ಲಿಸಿರಲಿಲ್ಲ. ಕಬ್ಬಿಣ ಮಲವನ್ನು ಕಪ್ಪು ಮಾಡಿ ಅಂಟಂಟಾಗಿಸುತ್ತದೆ. ಐದಾರು ದಿನ ಮೊದಲೇ ನಿಲ್ಲಿಸಬೇಕಿತ್ತು. ಇನ್ನು ಹಿಂದಿನ ದಿನದ ಊಟ. ಅಮ್ಮ ಹೊಟ್ಟೆಗೆ ತಂಪಾಗಲಿ ಎಂದು ಒಂದೆಲಗದ ತಂಬುಳಿ ಮಾಡಿದ್ದಳು. ಸೊಪ್ಪು, ಸಾಸಿವೆ, ಟೊಮೆಟೊ ಬೀಜ, ಎಳ್ಳು, ಸೀಬೆಹಣ್ಣು ಇವೆಲ್ಲ ಆ ದಿನ ಬೇಡ. ಬಿಳಿ ಅನ್ನ, ಮೊಸರು, ಇಡ್ಲಿ ಆಗುತ್ತದೆ. ಇದನ್ನು ಕನ್ನಡದಲ್ಲಿ ಒಂದು ಮಾತು ಹೇಳಿದ್ದರೆ ಅಮ್ಮ ಯಾವತ್ತೂ ತಂಬುಳಿ ಮಾಡುತ್ತಿರಲಿಲ್ಲ.

ಆದರೆ ಇವೆಲ್ಲಕ್ಕಿಂತ ದೊಡ್ಡ ಕಾರಣ ಬೇರೆ ಇತ್ತು. ಅದು ಬಸ್ಸು.

ಪರೀಕ್ಷೆ ಶಿವಮೊಗ್ಗದಲ್ಲಿ, ಬೆಳಿಗ್ಗೆ ಹತ್ತಕ್ಕೆ. ನಮ್ಮ ಊರಿಂದ ಸಾಗರಕ್ಕೆ ಬಂದು, ಅಲ್ಲಿಂದ ಶಿವಮೊಗ್ಗಕ್ಕೆ ಎಪ್ಪತ್ತು ಕಿಲೋಮೀಟರ್. ಮೊದಲ ಬಸ್ಸು ಹಿಡಿಯಬೇಕು. ಬೆಳಗಿನ ಜಾವ ಈ ಔಷಧಿ ಕುಡಿದು ಬಸ್ ಹತ್ತುವುದು ಹೇಗೆ? ಚೀಟಿಯಲ್ಲಿ ಅರ್ಧ ಸಂಜೆ, ಅರ್ಧ ಬೆಳಿಗ್ಗೆ ಎಂದು ಬರೆದಿತ್ತು. ಅದನ್ನು ಓದಿ ಹೇಳಿದ್ದು ನಾನೇ. ಆಮೇಲೆ ನಾವೇ ಮಾತಾಡಿಕೊಂಡು, ಎಲ್ಲಾ ಸಂಜೆಯೇ ಮುಗಿಸಿಬಿಡೋಣ, ಒಟ್ಟು ಹೊಟ್ಟೆಗೆ ಹೋದರೆ ಆಯಿತಲ್ಲ ಎಂದು ತೀರ್ಮಾನ ಮಾಡಿದೆವು. ಹಾಗಾಗಿ ಕೊನೆಯ ಲೋಟ ಕುಡಿದದ್ದು ರಾತ್ರಿ ಎಂಟಕ್ಕೆ. ಪರೀಕ್ಷೆ ಶುರುವಾದದ್ದು ಹದಿನಾಲ್ಕು ಗಂಟೆ ಬಿಟ್ಟು.

ಆ ಹದಿನಾಲ್ಕು ಗಂಟೆಯಲ್ಲಿ ಒಳಗೆ ಏನಾಗುತ್ತದೆ ಎನ್ನುವುದನ್ನು ಎರಡನೇ ಸಲ ಸಿಕ್ಕಿದ ನರ್ಸ್ ಅಕ್ಕ ನಮಗೆ ಅಚ್ಚುಕಟ್ಟಾಗಿ ಹೇಳಿದರು. ನಾವು ಏನೂ ತಿನ್ನದಿದ್ದರೂ ಸಣ್ಣ ಕರುಳು ಸುಮ್ನೆ ಕೂರುವುದಿಲ್ಲ. ಪಿತ್ತರಸ, ಜೀರ್ಣರಸ ಎಲ್ಲಾ ಇಳಿಯುತ್ತಲೇ ಇರುತ್ತವೆ. ಸಣ್ಣ ಕರುಳು ಬಂದು ಸೇರುವುದು ದೊಡ್ಡ ಕರುಳಿನ ಬಲಭಾಗಕ್ಕೆ. ರಾತ್ರಿ ತೊಳೆದು ಬಿಟ್ಟ ಗೋಡೆಯ ಮೇಲೆ ಬೆಳಗಾಗುವಷ್ಟರಲ್ಲಿ ಹಳದಿ ಹಸಿರಿನ ಜಿಗುಟಾದ ಪದರ ಕೂತಿರುತ್ತದೆ. ಬಲಭಾಗದ ಗಂಟುಗಳು, ಅಂದರೆ ಪಾಲಿಪ್‌ಗಳು, ಎಷ್ಟೋ ಸಲ ಚಪ್ಪಟೆಯಾಗಿರುತ್ತವೆ. ಅವು ಆ ಪದರದ ಕೆಳಗೆ ಅಡಗಿಕೊಂಡರೆ ಎಷ್ಟೇ ಒಳ್ಳೆಯ ಕಣ್ಣಿಗೂ ಕಾಣುವುದಿಲ್ಲ. ಅದಕ್ಕೇ ಎರಡನೇ ಅರ್ಧ ಬೆಳಗಿನ ಜಾವ ಕುಡಿಯಬೇಕು. ಪರೀಕ್ಷೆಗೆ ನಾಲ್ಕರಿಂದ ಆರು ಗಂಟೆ ಮೊದಲು ಶುರು ಮಾಡಿ, ಎರಡು ಗಂಟೆ ಮೊದಲು ಮುಗಿಸಬೇಕು. ಅಮೆರಿಕದ ಜಠರ–ಕರುಳಿನ ವೈದ್ಯರ ಸಂಘಗಳು ಒಟ್ಟಾಗಿ 2014ರಲ್ಲಿ ಕೊಟ್ಟ ಸಲಹೆಯಲ್ಲೂ ಹೀಗೆ ಎರಡು ಭಾಗ ಮಾಡಿ ಕುಡಿಯುವುದನ್ನೇ ಒತ್ತಿ ಹೇಳಿದ್ದಾರೆ.

ಇಷ್ಟು ಕೇಳಿದ ಮೇಲೆ ಅಪ್ಪ ಅಂದರು, "ಅಡಿಕೆ ಒಣಗಿಸೋ ಅಂಗಳ ಸಂಜೆ ಗುಡಿಸಿಟ್ಟರೆ ಬೆಳಿಗ್ಗೆ ಮತ್ತೆ ಎಲೆ ಬಿದ್ದಿರ್ತದಲ್ಲ, ಹಾಗೆ." ನರ್ಸ್ ಅಕ್ಕ ನಕ್ಕು ಹೌದು ಅಂದರು. ಐದು ನಿಮಿಷದ ಮಾತು. ಮೊದಲ ಸಲ ಯಾರಾದರೂ ಆ ಐದು ನಿಮಿಷ ಕೊಟ್ಟಿದ್ದರೆ ಅಪ್ಪನಿಗೆ ಒಂದು ರಾತ್ರಿಯ ಸಂಕಟ ತಪ್ಪುತ್ತಿತ್ತು.

ಈಗ ಔಷಧಿಗಳ ವಿಷಯಕ್ಕೆ ಬರುತ್ತೇನೆ.

ಅಪ್ಪ ಎರಡೂ ಸಲ ಕುಡಿದದ್ದು ಪಾಲಿಎಥಿಲೀನ್ ಗ್ಲೈಕಾಲ್. ಆಸ್ಪತ್ರೆಯಲ್ಲಿ ಎಲ್ಲರೂ ಪೆಗ್ ಎಂದೇ ಕರೆಯುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು 137.15 ಗ್ರಾಂ ಪುಡಿಯ ಪೊಟ್ಟಣ. ಅದನ್ನು ಎರಡು ಲೀಟರ್ ನೀರಿಗೆ ಕಲಸಬೇಕು. ಅಮ್ಮ ಕಲಸುತ್ತಾ, "ಇದು ಓಆರ್‌ಎಸ್ ಥರಾನೇ ಇದ್ಯಲ್ಲೇ" ಅಂದಳು. ನೋಡಲು ಭೇದಿ ಆದಾಗ ಕೊಡುವ ಓಆರ್‌ಎಸ್ ಹಾಗೇ ಇದೆ. ಪುಡಿ, ನೀರು, ಉಪ್ಪು ರುಚಿ. ಆದರೆ ಕೆಲಸ ಪೂರಾ ಉಲ್ಟಾ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಹಿಡಿಸಿದ್ದು ಇದೇ.

ಬರೀ ಉಪ್ಪುನೀರು ಭೇದಿ ಆದವರ ಮೈಗೆ ಚೆನ್ನಾಗಿ ಹಿಡಿಯುವುದಿಲ್ಲ. ಅದಕ್ಕೆ ಗ್ಲೂಕೋಸ್ ಸೇರಿಸಿದರೆ ಕರುಳಿನ ಗೋಡೆ ಗ್ಲೂಕೋಸ್ ಜೊತೆಗೆ ಸೋಡಿಯಮ್ಮನ್ನೂ ಎಳೆದುಕೊಳ್ಳುತ್ತದೆ, ಅದರ ಹಿಂದೆ ನೀರೂ ಒಳಗೆ ಹೋಗುತ್ತದೆ. ಒಂದು ಲೀಟರ್ ಓಆರ್‌ಎಸ್‌ನಲ್ಲಿ 13.5 ಗ್ರಾಂ ಗ್ಲೂಕೋಸ್ ಇರುವುದು ಇದಕ್ಕೇ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದಾಗ ಡಾ. ದಿಲೀಪ್ ಮಹಲನಬಿಸ್ ಅವರು ಸಾವಿರಾರು ಜೀವ ಉಳಿಸಿದ್ದು ಇಂಥದೇ ದ್ರಾವಣದಿಂದ.

ಪೆಗ್‌ನಲ್ಲಿ ಬೇಕಾಗಿರುವುದು ಇದರ ವಿರುದ್ಧ. ನೀರು ಮೈಗೆ ಹಿಡಿಯಲೇಬಾರದು, ಹಾಗೇ ಹರಿದು ಹೊರಗೆ ಹೋಗಬೇಕು. ಹಿಂದೆಲ್ಲ ಕರುಳು ತೊಳೆಯಲು ಏಳೆಂಟು ಲೀಟರ್, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಉಪ್ಪುನೀರನ್ನು ಮೂಗಿನ ನಳಿಕೆಯಲ್ಲಿ ಬಿಡುತ್ತಿದ್ದರಂತೆ. ಅದರಲ್ಲಿ ಒಂದಿಷ್ಟು ಮೈಗೆ ಸೇರಿ ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ಅಪಾಯ ಆಗುತ್ತಿತ್ತು. ಡಲ್ಲಾಸ್‌ನಲ್ಲಿ ಜಾನ್ ಫೋರ್ಡ್‌ಟ್ರಾನ್ ಮತ್ತು ಅವರ ಜೊತೆಗಾರರು ಕರುಳು ನೀರನ್ನು ಹೇಗೆ ಹೀರುತ್ತದೆ ಎಂದೇ ವರ್ಷಗಟ್ಟಲೆ ಅಭ್ಯಾಸ ಮಾಡಿದವರು. 1980ರಲ್ಲಿ ಅವರು ಈ ಹೊಸ ದ್ರಾವಣವನ್ನು ಪ್ರಕಟಿಸಿದರು. ಪೆಗ್‌ನ ಕಣ ದೊಡ್ಡದು, ಮೈಗೆ ಹಿಡಿಯುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳೂ ಅದನ್ನು ಒಡೆಯಲಾರವು. ಉಪ್ಪಿನ ಪಾಲಿನಲ್ಲಿ ಹೆಚ್ಚಿರುವುದು ಸೋಡಿಯಂ ಸಲ್ಫೇಟ್. ಸಲ್ಫೇಟ್ ಒಳಗೆ ಹೋಗದೆ ಸೋಡಿಯಮ್ಮನ್ನೂ ಹೊರಗೇ ಹಿಡಿದಿಡುತ್ತದೆ. ಹಾಗಾಗಿ ಎರಡು ಲೀಟರ್ ಕುಡಿದರೂ ಮೈಗೆ ನೀರು ಸೇರುವುದೂ ಕಮ್ಮಿ, ಮೈಯಿಂದ ನೀರು ಹೋಗುವುದೂ ಕಮ್ಮಿ.

ಇದು ಗೊತ್ತಾದ ಮೇಲೆ ಇನ್ನೊಂದು ವಿಷಯವೂ ಅರ್ಥವಾಯಿತು. ಮೊದಲ ಸಲ ಅಪ್ಪನಿಗೆ ಕುಡಿಯಲು ಕಷ್ಟ ಆಗುತ್ತಿದೆಯೆಂದು ಪಕ್ಕದ ಮನೆ ಚಿಕ್ಕಮ್ಮ ಪ್ರೀತಿಯಿಂದ ಒಂದು ಲೋಟಕ್ಕೆ ಸಕ್ಕರೆ ಹಾಕಿಕೊಟ್ಟಿದ್ದರು. ದ್ರಾವಣದೊಳಗೆ ಸಕ್ಕರೆ ಬೆರೆಸಿದರೆ ಅದನ್ನು ಮತ್ತೆ ಓಆರ್‌ಎಸ್ ಕಡೆಗೆ ತಿರುಗಿಸಿದ ಹಾಗೆ. ಕರುಳಿನಲ್ಲಿ ಹುಳಿಯುವ ಸಕ್ಕರೆಯಂಥ ವಸ್ತುವಿನಿಂದ ಇನ್ನೂ ಒಂದು ಅಪಾಯ ಇದೆ. ಹಿಂದೆ ಮ್ಯಾನಿಟಾಲ್ ಎಂಬ ಸಿಹಿ ವಸ್ತುವನ್ನೇ ಹೊಟ್ಟೆ ಕ್ಲೀನ್ ಮಾಡಲು ಕೊಡುತ್ತಿದ್ದರು. ಬ್ಯಾಕ್ಟೀರಿಯಾಗಳು ಅದನ್ನು ಹುಳಿಸಿ ಹೈಡ್ರೋಜನ್, ಮೀಥೇನ್ ಅನಿಲ ಮಾಡುತ್ತವೆ. ಫ್ರಾನ್ಸಿನಲ್ಲಿ ಹಾಗೆ ತಯಾರಾದ ರೋಗಿಯೊಬ್ಬರ ಗಂಟನ್ನು ವಿದ್ಯುತ್ ತಂತಿಯಿಂದ ಕತ್ತರಿಸುವಾಗ ಕರುಳೇ ಸ್ಫೋಟಗೊಂಡು ಅವರು ತೀರಿಕೊಂಡರು. 1979ರಲ್ಲಿ ಅದು ವೈದ್ಯರ ಪತ್ರಿಕೆಯಲ್ಲಿ ವರದಿಯಾಯಿತು. ಒಂದು ಲೋಟಕ್ಕೆ ಬಿದ್ದ ಸಕ್ಕರೆಗೆ ಹೆದರಬೇಕಿಲ್ಲ. ಆದರೆ ಪೊಟ್ಟಣದ ಮೇಲೆ ಬೇರೆ ಏನೂ ಸೇರಿಸಬೇಡಿ ಎಂದು ಬರೆದಿರುವುದು ಸುಮ್ಮನೆ ಅಲ್ಲ. ಬಾಯಿ ಕೆಟ್ಟರೆ ಒಂದು ಲೋಟ ಆದಮೇಲೆ ನಿಂಬೆಹೋಳು ಚೀಪಬಹುದು. ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಬಹುದು, ಸ್ಟ್ರಾ ಹಾಕಿಕೊಂಡು ಕುಡಿಯಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ತಲೆ ಸುತ್ತಿದರೆ ಸಿಹಿಯಾದ ತಿಳಿ ಪಾನೀಯವನ್ನು ಬೇರೆಯಾಗಿ ಕೊಡಬೇಕು. ಅವರ ಮಾತ್ರೆ, ಇನ್ಸುಲಿನ್ ಎಷ್ಟು ಕಡಿಮೆ ಮಾಡಬೇಕು ಎಂದು ಮೊದಲೇ ಕೇಳಿಕೊಂಡಿರಬೇಕು.

ಸೋದರತ್ತೆಗೆ ಬಂದದ್ದು ಫಾಸ್ಫೇಟ್ ಬಾಟಲಿ. 45 ಮಿಲಿ, ಅಷ್ಟೇ. ನೀರಿಗೆ ಬೆರೆಸಿ ಒಂದು ಲೋಟ ಕುಡಿದು, ಮೇಲೆ ನೀರು ಕುಡಿಯುವುದು, ಹೀಗೆ ಎರಡು ಸಲ. ಎರಡು ಲೀಟರ್ ಕಷ್ಟ ನೋಡಿದ್ದ ಅತ್ತೆಗೆ ಆ ಪುಟ್ಟ ಬಾಟಲಿ ಕಂಡು ಸಮಾಧಾನ ಆಗಿತ್ತು. ನನಗೆ ಫೋನ್ ಮಾಡಿ, "ನಿಮ್ಮಪ್ಪನ ಹಾಗೆ ಒದ್ದಾಡೋದು ಬೇಡ, ನಂದು ಚಿಕ್ಕದು" ಅಂದರು. ನನಗೆ ಎದೆ ಧಸಕ್ ಅಂತು. ಅತ್ತೆಗೆ ಬಿಪಿ ಇದೆ, ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ಸ್ವಲ್ಪ ಜಾಸ್ತಿ ಇದೆ. ಅವರನ್ನು ಅದೆರಡನ್ನೂ ಯಾರೂ ಕೇಳಿಯೇ ಇರಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಇಟ್ಟುಕೊಂಡರೆ ಎಲ್ಲಾ ಔಷಧಿಗಳ ವ್ಯತ್ಯಾಸ ತಿಳಿಯುತ್ತದೆ. ಕರುಳು ತೊಳೆಯುವ ನೀರು ಯಾರದು? ಪೆಗ್ ತನ್ನ ನೀರನ್ನು ತಾನೇ ತರುತ್ತದೆ, ಅದಕ್ಕೇ ಅಷ್ಟು ಕುಡಿಯಬೇಕು. ಫಾಸ್ಫೇಟ್ ನಮ್ಮ ಮೈಯೊಳಗಿನ ನೀರನ್ನು ಕರುಳಿಗೆ ಎಳೆದುಕೊಳ್ಳುತ್ತದೆ, ಅದಕ್ಕೇ ಬಾಟಲಿ ಚಿಕ್ಕದು. ಹಾಗೆ ಎಳೆದ ನೀರನ್ನು ನಾವು ಕುಡಿದು ತುಂಬಿಸದಿದ್ದರೆ ಮೈ ಒಣಗುತ್ತದೆ. ಅದರ ಮೇಲೆ ರಕ್ತಕ್ಕೆ ಸೇರಿದ ಫಾಸ್ಫೇಟ್ ಕ್ಯಾಲ್ಸಿಯಂ ಜೊತೆ ಕೂಡಿ ಹರಳಾಗಿ ಕಿಡ್ನಿಯ ಸಣ್ಣ ಕೊಳವೆಗಳಲ್ಲಿ ಕೂತುಬಿಡಬಹುದು. ಕೆಲವರಿಗೆ ಕಿಡ್ನಿ ಮತ್ತೆ ಸರಿಹೋಗಲೇ ಇಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರ ಡಿಸೆಂಬರ್‌ನಲ್ಲಿ ಈ ಬಗ್ಗೆ ಕಠಿಣ ಎಚ್ಚರಿಕೆ ಕೊಟ್ಟಿತು. ಅಲ್ಲಿ ಡಾಕ್ಟರ್ ಚೀಟಿಯಿಲ್ಲದೆ ಸಿಗುತ್ತಿದ್ದ ಫಾಸ್ಫೇಟ್ ದ್ರಾವಣವನ್ನು ತಯಾರಕರೇ ಮಾರುಕಟ್ಟೆಯಿಂದ ಹಿಂದೆ ತೆಗೆದುಕೊಂಡರು. ವಯಸ್ಸಾದವರು, ಕಿಡ್ನಿ ತೊಂದರೆ ಇರುವವರು, ಹೃದಯ ಸೋತವರು, ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ಅದರಿಂದ ದೂರ ಇರಬೇಕು. ಆದರೂ ನಮ್ಮಲ್ಲಿ ಅದು ಸಿಗುತ್ತದೆ, ಬರೆದೂ ಕೊಡುತ್ತಾರೆ. ಇದರ ಬಗ್ಗೆ ನನಗೆ ಕೋಪ ಇದೆ. ಕ್ರಿಯಾಟಿನಿನ್ ಎಷ್ಟು ಎಂದು ಕೇಳಲು ಎಷ್ಟು ಹೊತ್ತು ಬೇಕು?

ಅತ್ತೆ ಬಾಟಲಿ ತೆರೆಯಲಿಲ್ಲ. ಮರುದಿನ ಅವರ ಕಿಡ್ನಿ ರಿಪೋರ್ಟು ಹಿಡಿದುಕೊಂಡು ಹೋಗಿ ಕೇಳಿದೆವು. ಔಷಧಿ ಬದಲಾಯಿತು, ಪೆಗ್ ಕೊಟ್ಟರು. ಅತ್ತೆಗೆ ವಾಂತಿ ಸ್ವಭಾವ. ಅದಕ್ಕೂ ಮಾತ್ರೆ ಕೇಳಿ ಬರೆಸಿಕೊಂಡೆವು. ಹತ್ತು ಹದಿನೈದು ನಿಮಿಷಕ್ಕೆ ಒಂದು ಲೋಟ, ಹೊಟ್ಟೆ ತೊಳಸಿದರೆ ಅರ್ಧ ಗಂಟೆ ಬಿಡುವು, ಆಮೇಲೆ ಮತ್ತೆ. ಮುಗಿಯಲು ಜಾಸ್ತಿ ಹೊತ್ತು ಹಿಡಿಯಿತು. ಆದರೆ ಪೂರ್ತಿ ಮುಗಿಸಿದರು.

ನನ್ನದು ಸಲ್ಫೇಟ್ ದ್ರಾವಣ. ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ ಮೂರರ ಸಲ್ಫೇಟ್ ಇರುತ್ತದೆ. 177 ಮಿಲಿ ಬಾಟಲಿ ಎರಡು. ಒಂದೊಂದನ್ನೂ ನೀರು ಬೆರೆಸಿ ಅರ್ಧ ಲೀಟರಿನ ಹತ್ತಿರ ಮಾಡಿ ಕುಡಿಯಬೇಕು, ಮುಂದಿನ ಒಂದು ಗಂಟೆಯಲ್ಲಿ ಒಂದು ಲೀಟರಿನ ಹತ್ತಿರ ಬರೀ ನೀರು ಕುಡಿಯಬೇಕು. ನನಗೆ ಕಿಡ್ನಿ, ಹೃದಯ ಯಾವ ತೊಂದರೆಯೂ ಇಲ್ಲದ್ದರಿಂದ ಡಾಕ್ಟರ್ ಯಾವುದಾದರೂ ಆಗುತ್ತದೆ ಎಂದಿದ್ದರು. ರುಚಿ ಸುಲಭವಲ್ಲ. ಉಪ್ಪು, ಅದರ ಹಿಂದೆ ಕಹಿ, ಅದರ ಮೇಲೆ ಹಣ್ಣಿನ ಸಿಹಿ. ಬಾಯಿಗೆ ಪೆಗ್‌ಗಿಂತ ಕಷ್ಟ, ಹೊಟ್ಟೆಗೆ ಅದಕ್ಕಿಂತ ಹಗುರ. ಸಂಜೆ ಬಾಟಲಿ ಕುಡಿದು ಮೇಲಿನ ನೀರನ್ನು ಅರ್ಧಕ್ಕೇ ಬಿಟ್ಟೆ. ರಾತ್ರಿ ತಲೆ ಭಾರವಾಗಿ, ನಾಲಿಗೆ ಒಣಗಿತು. ಈ ಔಷಧಿಯೂ ಮೈಯ ನೀರನ್ನೇ ನೆಚ್ಚಿಕೊಂಡಿರುತ್ತದೆ. ಮೇಲಿನ ನೀರೂ ಔಷಧಿಯೇ ಎಂದು ಅವತ್ತು ರಾತ್ರಿ ತಿಳಿಯಿತು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಎರಡನೆಯದನ್ನು ನೀರಿನ ಸಮೇತ ಪೂರ್ತಿ ಕುಡಿದೆ.

ನನಗೆ ಯಾಕೆ ಪರೀಕ್ಷೆ ಅಂದರೆ, ಅಪ್ಪನ ಎರಡನೇ ಪರೀಕ್ಷೆಯಲ್ಲಿ ಬಲಭಾಗದಲ್ಲಿ ಒಂದು ಗಂಟು ಸಿಕ್ಕಿತ್ತು. ಚಪ್ಪಟೆಯಾದದ್ದು, ಒಂದೂವರೆ ಸೆಂಟಿಮೀಟರ್. ಅಲ್ಲೇ ತೆಗೆದರು. ಇನ್ನೂ ಕ್ಯಾನ್ಸರ್ ಆಗಿರಲಿಲ್ಲ. ಇಂಥ ಗಂಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಬೇಕು, ನಡುವೆ ಸಿಕ್ಕಿದರೆ ತೆಗೆದುಬಿಡಬಹುದು ಎಂದು ಡಾಕ್ಟರ್ ವಿವರಿಸಿದರು. ಒಡಹುಟ್ಟಿದವರು, ಮಕ್ಕಳು ತೋರಿಸಿಕೊಳ್ಳುವುದು ಒಳ್ಳೆಯದು ಎಂದರು. ಹಾಗೆ ಅತ್ತೆ, ಹಾಗೆ ನಾನು.

ಎರಡನೇ ಸಲದ ಅಪ್ಪನ ರಿಪೋರ್ಟಿನಲ್ಲಿ ಅಂಕವೂ ಇತ್ತು. ಬೋಸ್ಟನ್ ಅಳತೆ ಅನ್ನುತ್ತಾರೆ. ದೊಡ್ಡ ಕರುಳನ್ನು ಬಲ, ನಡು, ಎಡ ಎಂದು ಮೂರು ಭಾಗ ಮಾಡಿ, ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುತ್ತಾರೆ. ಪ್ರತಿ ಭಾಗಕ್ಕೂ ಎರಡಾದರೂ ಬರಬೇಕು. ಮೊದಲ ಸಲ ಅಪ್ಪನಿಗೆ ಬಲಗಡೆ ಒಂದು ಬಂದಿತ್ತು. ಎರಡನೇ ಸಲ ಎರಡು, ಮೂರು, ಮೂರು. ಅದೇ ಪೊಟ್ಟಣ, ಅದೇ ಎರಡು ಲೀಟರ್, ಅದೇ ಮನುಷ್ಯ. ಬದಲಾಗಿದ್ದು ಊಟ, ಕಬ್ಬಿಣದ ಮಾತ್ರೆ, ಮತ್ತೆ ಒಂದು ಲೀಟರನ್ನು ಬೆಳಗಿನ ಜಾವಕ್ಕೆ ಎತ್ತಿಟ್ಟದ್ದು.

ಅದಕ್ಕೇ ಯಾವುದು ಒಳ್ಳೆಯದು ಎಂದು ಕೇಳಿದವರಿಗೆ ನಾನು ಮೊದಲು ಕಿಡ್ನಿ, ಹೃದಯ, ಬಿಪಿ ಮಾತ್ರೆಗಳ ಬಗ್ಗೆ ಕೇಳುತ್ತೇನೆ. ಅಲ್ಲಿ ಏನಾದರೂ ಇದ್ದರೆ ಪೆಗ್ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಿ ಎನ್ನುತ್ತೇನೆ. ಆಮೇಲೆ ಮನೆಯಿಂದ ಆಸ್ಪತ್ರೆ ಎಷ್ಟು ದೂರ ಎಂದು ಕೇಳುತ್ತೇನೆ. ಬೆಂಗಳೂರಿನಲ್ಲಿ ಆಸ್ಪತ್ರೆಯಿಂದ ಎರಡು ಕಿಲೋಮೀಟರ್ ದೂರದಲ್ಲಿ ಇರುವವರಿಗೆ ಬರೆದ ಚೀಟಿಯನ್ನೇ ಹೊಸನಗರದಿಂದ, ತೀರ್ಥಹಳ್ಳಿಯಿಂದ ಬಸ್ಸಿನಲ್ಲಿ ಬರುವವರಿಗೂ ಕೊಟ್ಟರೆ ಅದು ನಡೆಯುವುದಿಲ್ಲ. ಹಳ್ಳಿಯಿಂದ ಬರುವವರಿಗೆ ಮಧ್ಯಾಹ್ನದ ಹೊತ್ತು ಕೊಡಬಹುದು. ಇಲ್ಲವೇ ಹಿಂದಿನ ದಿನ ಬಂದು ಉಳಿದುಕೊಳ್ಳಿ ಎಂದು ಸ್ಪಷ್ಟವಾಗಿ ಹೇಳಬಹುದು. ಎರಡನೇ ಸಲ ನಾವು ಶಿವಮೊಗ್ಗದಲ್ಲಿ ಮಾವನ ಮನೆಯಲ್ಲಿ ಉಳಿದಿದ್ದೆವು. ಟಾಯ್ಲೆಟ್ ಅಪ್ಪ ಮಲಗಿದ್ದ ರೂಮಿಗೇ ಅಂಟಿಕೊಂಡಿತ್ತು. ಬೆಳಗಿನ ಜಾವ ನಾಲ್ಕೂವರೆಗೆ ಅಲಾರಂ ಇಟ್ಟು, ಅಪ್ಪ ಮಂಚದ ಮೇಲೆ ಕೂತು, ನಾನು ಲೋಟ ತುಂಬಿಸಿ ತುಂಬಿಸಿ ಕೊಟ್ಟೆ. ಆರೂವರೆ ಹೊತ್ತಿಗೆ ಹೊರಗೆ ಬರುತ್ತಿದ್ದದ್ದು ತಿಳಿ ಹಳದಿ ನೀರು. ಅಪ್ಪ ಬಾಗಿಲು ತೆರೆದು, "ಈಗ ಸರಿ ಆಯ್ತು ಕಾಣ್ತದೆ" ಅಂದರು.

ಅಪ್ಪನಿಗೆ ಮೂರು ವರ್ಷ ಬಿಟ್ಟು ಮತ್ತೆ ನೋಡಬೇಕು ಎಂದಿದ್ದಾರೆ. ಅದು ಬರುವ ಡಿಸೆಂಬರ್‌ಗೆ. ಮಾವನವರು ಈಗ ಮಗನ ಜೊತೆ ಹುಬ್ಬಳ್ಳಿಗೆ ಹೋಗಿದ್ದಾರೆ. ಹಾಗಾಗಿ ಆಸ್ಪತ್ರೆಯ ಹತ್ತಿರವೇ ಒಂದು ಲಾಡ್ಜ್ ನೋಡಿಕೊಂಡು ಬಂದೆ. ರೂಮಿನೊಳಗೇ ಟಾಯ್ಲೆಟ್ ಇದೆ, ನೀರು ಇಪ್ಪತ್ನಾಲ್ಕು ಗಂಟೆ ಬರುತ್ತದೆ, ಬೆಳಗಿನ ಜಾವವೂ ಬರುತ್ತದಾ ಎಂದು ಎರಡು ಸಲ ಕೇಳಿಕೊಂಡಿದ್ದೇನೆ. ಏನು ತಿನ್ನಬೇಕು, ಯಾವ ಮಾತ್ರೆ ಯಾವತ್ತು ನಿಲ್ಲಿಸಬೇಕು, ಎಷ್ಟು ಹೊತ್ತಿಗೆ ಎಷ್ಟು ಕುಡಿಯಬೇಕು ಎಂದು ದಪ್ಪ ಅಕ್ಷರದಲ್ಲಿ ಬರೆದು ಅಮ್ಮನಿಗೆ ಕೊಟ್ಟೆ. ಅಮ್ಮ ಅದನ್ನು ಅಡುಗೆಮನೆಯ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಟ್ಟಿದ್ದಾಳೆ.